ಮರಳಿನಲ್ಲಿ ಮುಚ್ಚಿದ ಹೆಸರು

ಬಳ್ಳಾರಿಯ ಕೋಟೆಗುಡ್ಡಕ್ಕೆ ಬಿಸಿಲು ಏರುವ ಮೊದಲೇ ಉಚ್ಚೆಂಗೆಪ್ಪ ಎರಕದ ಶೆಡ್ಡಿನಲ್ಲಿ ಮೊಣಕಾಲೂರಿ ಕೂತಿದ್ದಾರೆ. ಎದುರಿನ ಒದ್ದೆ ಮರಳಿನಲ್ಲಿ ಹಲ್ಲಿನ ಗಾಲಿಯೊಂದರ ಅಚ್ಚು ಬಿದ್ದಿದೆ. ನಡುವೆ ವಿಲಾಯತಿ ಕಂಪನಿಯ ಹೆಸರು. ಅವರು ಚಿಟಿಕೆ ಮರಳು ತೆಗೆದು ಒಂದೊಂದೇ ಅಕ್ಷರದ ತಗ್ಗನ್ನು ಹೆಬ್ಬೆರಳಿನಿಂದ ಮುಚ್ಚುತ್ತಾರೆ. ಮುಖದಲ್ಲಿ ಹಗೆ ತೀರಿಸಿಕೊಂಡವರ ನೆಮ್ಮದಿ.

ಹೊರದೇಶದ ಬಿಡಿಭಾಗ ತರಿಸಲು ಈಗ ಲೈಸೆನ್ಸು ಸಿಗುವುದಿಲ್ಲ. ಎಲ್ಲ ನಮ್ಮಲ್ಲೇ ತಯಾರಾಗಬೇಕು ಎಂದು ರೇಡಿಯೋ ದಿನವೂ ಹೇಳುತ್ತದೆ. ತಯಾರಿಸುವವರು ಯಾರೆಂದು ಮಾತ್ರ ಹೇಳುವುದಿಲ್ಲ. ಸಿರುಗುಪ್ಪ, ಕುರುಗೋಡಿನ ಅಕ್ಕಿ ಗಿರಣಿಗಳಲ್ಲಿ ಏನೇ ಮುರಿಯಲಿ, ಬಂಡಿ ನೇರ ಈ ಶೆಡ್ಡಿಗೆ ಬರುತ್ತದೆ. ಕೆಂಚನಗುಡ್ಡದಿಂದ ಕೂಲಿಗೆಂದು ಬಂದ ಉಚ್ಚೆಂಗೆಪ್ಪ ಈಗ ದಿನಕ್ಕೆ ಆರೇಳು ಅಚ್ಚು ಒತ್ತುತ್ತಾರೆ. ಕಾದ ಕಬ್ಬಿಣ ಸಿಡಿದು ಎಡಗಾಲಿನ ಎರಡು ಬೆರಳು ಹೋಗಿವೆ.

ಹೋದ ಸುಗ್ಗಿಯಲ್ಲಿ ಸಿರುಗುಪ್ಪದ ಗಿರಣಿ ಸಾಹುಕಾರ ದೊಡ್ಡಬಸಪ್ಪನವರು ಮುರಿದ ವಿಲಾಯತಿ ಗಾಲಿ ತಂದರು. ಉಚ್ಚೆಂಗೆಪ್ಪ ಅದನ್ನೇ ಜೋಡಿಸಿ ಮರಳಿಗೊತ್ತಿ ಹೊಸ ಗಾಲಿ ಹೊಯ್ದರು. ಗಾಲಿ ಸೊಗಸಾಗಿ ಬಂತು. ಅವಸರದಲ್ಲಿ ಲಕ್ಷ್ಯಕ್ಕೆ ಬಾರದ ಕಂಪನಿಯ ಹೆಸರೂ ಅಷ್ಟೇ ಸೊಗಸಾಗಿ ಮೂಡಿತು. ಗಿರಣಿಗೆ ಬಂದವರೆಲ್ಲ ಅದನ್ನು ತಡವಿ, "ವಿಲಾಯತಿ ಮಾಲಂದ್ರ ವಿಲಾಯತಿ ಮಾಲು ನೋಡ್ರಿ" ಅಂದರು. ಸಾಹುಕಾರರು ತಿದ್ದಲಿಲ್ಲ, ನಕ್ಕರು. ಗಾಲಿ ಕೂಡಿಸಲು ಹೋಗಿ ಪಕ್ಕದಲ್ಲೇ ನಿಂತಿದ್ದ ಉಚ್ಚೆಂಗೆಪ್ಪನವರ ಹೊಟ್ಟೆಗೆ ಬೆಂಕಿ ಬಿತ್ತು.

"ಮೈ ಸುಟ್ಕೊಂಡಾವ ನಾನು, ಹೊಗಳಿಕಿ ಆ ಹೆಸರಿಗೆ. ಹೊಟ್ಟಿಕಿಚ್ಚು ಪಡಬಾರದೇನ್ರಿ?" ಎಂದು ಮುಚ್ಚುಮರೆಯಿಲ್ಲದೆ ಕೇಳುತ್ತಾರೆ.

ಹೆಂಡತಿ ಜಂಬಮ್ಮನಿಗೆ ನಗು. "ಹೆಂಗಸ್ರು ಸವತಿ ಮ್ಯಾಲೆ ಉರ್ಕೊಂತಾರ. ನಮ್ಮಾತ ಕಬ್ಬಿಣದ ಮ್ಯಾಲೆ ಉರ್ಕೊಂತಾನ. ಉಣ್ಣಾಕ ಕುಂತ್ರೂ ಅದೇ ಮಾತು."

ಈಗ ಸಾಹುಕಾರರು ಕುರುಗೋಡಿನ ಬೀಗರ ಗಿರಣಿಗೂ ಅಂಥದೇ ಗಾಲಿ ಕೇಳಿದ್ದಾರೆ, ಹೆಸರು ಸಮೇತ. ಸಾಹುಕಾರರು ಮೆಚ್ಚಿದರೆ ಸುತ್ತಲಿನ ಗಿರಣಿಗಳ ಕೆಲಸವೆಲ್ಲ ಈ ಶೆಡ್ಡಿಗೆ. ಮುನಿದರೆ ಇದ್ದದ್ದೂ ಹೋದೀತು. ಅದು ಗೊತ್ತಿದ್ದೇ ಉಚ್ಚೆಂಗೆಪ್ಪ ಅಕ್ಷರ ಮುಚ್ಚಿ ಎರಕ ಹೊಯ್ಯುತ್ತಾರೆ.

ಮರುದಿನ ಬಂದ ದೊಡ್ಡಬಸಪ್ಪನವರು ಬೋಳು ಗಾಲಿಯನ್ನು ಹೊರಳಿಸಿ ನೋಡುತ್ತಾರೆ. "ಅಕ್ಷರ ಎಲ್ಲಿ ಹೋದ್ವಲೇ? ಬೀಗ್ರು ಒಪ್ತಾರೇನು ಇದನ್ನ?"

"ನನ್ನ ಹೆಸರು ಹಾಕ್ರಿ ಅನ್ನಂಗಿಲ್ರಿ ಸಾವ್ಕಾರ್ರ. ಆದ್ರ ಆ ಕಂಪ್ನಿ ಹೆಸರು ಇನ್ನ ನನ್ನ ಕೈಲಿ ಮೂಡಂಗಿಲ್ಲ. ಬ್ಯಾಡಂದ್ರ ಹೇಳ್ರಿ, ಒಡದು ಕುಲುಮಿಗೆ ಹಾಕ್ತೀನಿ." ಉಚ್ಚೆಂಗೆಪ್ಪ ಸುತ್ತಿಗೆ ಎತ್ತಿಯೇಬಿಡುತ್ತಾರೆ.

"ಏ, ತಡೀಲೇ! ಸುಗ್ಗಿ ಬಂದೈತಿ!" ಸಾಹುಕಾರರು ಗೊಣಗುತ್ತಲೇ ಗಾಲಿಯನ್ನು ಬಂಡಿಗೆ ಹೇರಿಸುತ್ತಾರೆ. ಬಂಡಿ ಹೊರಡುವಾಗ ತಿರುಗಿ ಕೇಳುತ್ತಾರೆ: "ಎಲ್ಲೀದು ಅಂತ ಬೀಗ್ರು ಕೇಳಿದ್ರ ಏನನ್ನಲೋ?"

"ಬಳ್ಳಾರೀದು ಅನ್ರಿ."