ಸಾರ್ ಸೋತ ಚುನಾವಣೆ

ತಂಪಾನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೊಚ್ಚಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಚಾಯದಂಗಡಿಯವನು ಹಿಟ್ಟಿನಲ್ಲಿ ಅದ್ದಿದ ನೇಂದ್ರ ಬಾಳೆಹಣ್ಣನ್ನು ಕಾದ ಎಣ್ಣೆಗೆ ಬಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಫ್ರಾನ್ಸ್ ದೇಶದ ಚುನಾವಣೆ ನೆನಪಾಯಿತು. ನಗಬೇಡಿ. ನನಗೆ ಅದನ್ನು ಕಲಿಸಿದ ಸಾರ್ ಇದೇ ವಾಸನೆಯ ನಡುವೆ ಕಲಿಸಿದ್ದರು...

ಬೀಡಿ ಕಟ್ಟುವವರ ಮನೆ ನಮ್ಮದು, ಕಾಸರಗೋಡಿನ ಕಡೆ. ಕಾಲೇಜಿನ ಮೆಟ್ಟಿಲು ಹತ್ತಿದವಳು ನಮ್ಮಲ್ಲಿ ನಾನೊಬ್ಬಳೇ. ಇಲ್ಲಿಗೆ ಹತ್ತಿರದ ತುಂಬ ಎಂಬ ಊರಿನಲ್ಲಿ ಕ್ಯಾಂಟೀನ್ ಕೆಲಸಕ್ಕಿದ್ದ ಮಾವನ ಮನೆಯಲ್ಲಿದ್ದು ಡಿಗ್ರಿ ಓದಿದೆ. ಯುರೋಪಿನ ಇತಿಹಾಸದ ಪೇಪರಿನಲ್ಲಿ ಫೇಲಾದೆ. "ಇನ್ನೊಂದು ಸಲ ಕೂತು ನೋಡು ಮಗಾ. ಆಗದಿದ್ರೆ ಬಾ, ಇಲ್ಲಿ ಬೀಡಿಯ ಎಲೆ ಉಂಟಲ್ಲ" ಎಂದಳು ಅಮ್ಮ ಫೋನಿನಲ್ಲಿ. ಅವಳು ಸಮಾಧಾನಕ್ಕೆ ಹೇಳಿದ್ದು. ನಾನು ಮಾತ್ರ ಮರುದಿನವೇ ಪಾಠ ಹೇಳುವವರನ್ನು ಹುಡುಕಿ ಹೊರಟೆ.

ಹಾಗೆ ಸೇರಿದ್ದು ಈ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಪ್ಯಾರಲಲ್ ಕಾಲೇಜಿಗೆ. ಫೇಲಾದವರನ್ನು ಪಾಸು ಮಾಡಿಸುವ ಜಾಗ. ಕೆಳಗೆ ಚಾಯದಂಗಡಿ, ಮೇಲೆ ತಗಡಿನ ಮಾಡಿನಡಿ ನಾವು.

"1902ರಲ್ಲಿ ಫ್ರಾನ್ಸಿನ ಎಡಪಕ್ಷಗಳು ಒಟ್ಟಾಗಿ ಗೆದ್ದದ್ದು ಹೇಗೆ? ಹೋದ ಸಲ ಏನು ಬರೆದಿದ್ದೆ, ಕಾಸರಗೋಡೇ?" ಎಂದು ಸಾರ್ ಕೇಳಿದರು. ಕೊನೆಯತನಕ ನನ್ನನ್ನು ಹಾಗೇ ಕರೆದರು.

"ನಾಯಕರು ಮೊದಲೇ ಕೂತು ಸೀಟು ಹಂಚಿಕೊಂಡರು ಅಂತ ಬರೆದೆ ಸಾರ್."

"ಅಪ್ಪಟ ಕೇರಳದ ಉತ್ತರ!" ಎಂದು ಮೇಜು ಕುಟ್ಟಿ ನಕ್ಕರು. "ಹುಟ್ಟಿದಾಗಿನಿಂದ ಮೈತ್ರಿಕೂಟ ನೋಡಿದವಳಿಗೆ ಬೇರೆ ಏನು ತೋಚೀತು!"

ಸಂಜೆಯ ಚಾಯಕ್ಕೆ ಕೆಳಗಿನಿಂದ ಒಂದೇ ಬಗೆಯ ತಿಂಡಿ ತರಿಸುವುದು ರೂಢಿ. ಅವತ್ತು ಸಾರ್ ಅದಕ್ಕೆ ಚುನಾವಣೆ ಇಟ್ಟರು. ಪಳಂಪೊರಿಗೆ, ಅಂದರೆ ನಮ್ಮ ಕಡೆ ಪೋಡಿ ಎನ್ನುವ ಬಾಳೆಹಣ್ಣಿನ ಬಜ್ಜಿಗೆ, ಎಲ್ಲಕ್ಕಿಂತ ಹೆಚ್ಚು ಕೈಗಳೆದ್ದವು. ಸಾರ್ ಕೈ ಎತ್ತಿದ್ದೂ ಅದಕ್ಕೇ. ತರಗತಿಯಲ್ಲಿ ವಡೆಯವರೇ ಜಾಸ್ತಿ. ಆದರೆ ಬೇಳೆವಡೆ, ಉದ್ದಿನವಡೆ, ನೀರುಳ್ಳಿವಡೆ ಎಂದು ಹರಿದು ಹಂಚಿಹೋಗಿದ್ದೆವು. ವಡೆಗಳಲ್ಲಿ ಬೇಳೆವಡೆ ಮುಂದಿದ್ದರೂ ಯಾವ ತಿಂಡಿಗೂ ಅರ್ಧಕ್ಕಿಂತ ಹೆಚ್ಚು ಮತ ಸಿಗಲಿಲ್ಲ.

"ಫ್ರಾನ್ಸಿನ ಹಾಗೆ ಈಗ ಎರಡನೇ ಸುತ್ತು, ಹೆಚ್ಚು ಕೈ ಎದ್ದದ್ದೇ ಗೆಲ್ತದೆ. ಉದ್ದಿನವಡೆಯ ನಾಯಕಿ ಏನು ಮಾಡ್ತಾಳೆ?" ಎಂದು ಸಾರ್ ನನ್ನ ಕಡೆ ತಿರುಗಿದರು.

"ನಾನ್ಯಾಕೆ ಬಿಡಬೇಕು ಸಾರ್? ನನಗೆ ಉದ್ದಿನದ್ದೇ ಆಗಬೇಕು."

"ಬಿಡಬೇಡ. ಬಾಳೆಹಣ್ಣು ತಿನ್ನು!"

"ಚೇಚೀ, ನಮ್ಮಕ್ಕ ಅಲ್ವಾ, ಒಮ್ಮೆ ಬಿಟ್ಟುಕೊಡಿ, ನಮ್ಮ ಹೊಟ್ಟೆ ನೋಡಿ!" ಎಂದು ಹಿಂದಿನ ಬೆಂಚಿನವರು ಕೂಗಿದರು. ನಾನು ಹಿಂದೆ ಸರಿದೆ. ನೀರುಳ್ಳಿಯವರೂ ಗೊಣಗುತ್ತ ಸರಿದರು. ಬೇಳೆವಡೆ ಗೆದ್ದಿತು.

ವಡೆ ಮುರಿಯುತ್ತಲೇ ಸಾರ್ ವಿವರಿಸಿದರು. ಫ್ರಾನ್ಸಿನಲ್ಲಿಯೂ ಮೊದಲ ಸುತ್ತಿನಲ್ಲಿ ಎಡಪಕ್ಷಗಳ ರ್‍ಯಾಡಿಕಲರು, ಸಮಾಜವಾದಿಗಳು ಎಷ್ಟೋ ಕಡೆ ತಂತಮ್ಮವರನ್ನೇ ನಿಲ್ಲಿಸಿದ್ದರಂತೆ. ಎರಡನೆಯದರಲ್ಲಿ ಹಿಂದೆ ಬಿದ್ದವನು ಮುಂದಿದ್ದವನಿಗೆ ಜಾಗ ಬಿಟ್ಟ. ನಿರಪರಾಧಿ ಸೇನಾಧಿಕಾರಿಯೊಬ್ಬನಿಗೆ ಶಿಕ್ಷೆಯಾಗಿ ದೇಶವೇ ಎರಡಾಗಿ, ಗಣರಾಜ್ಯವೇ ಬೇಡ ಎನ್ನುವವರು ತಲೆ ಎತ್ತಿದ್ದ ಕಾಲ ಅದು. ಗಣರಾಜ್ಯ ಉಳಿಯಲಿ, ನಮ್ಮ ಜಗಳ ಆಮೇಲೆ ಎಂದುಕೊಂಡು ಅವರು ಗೆದ್ದರು.

"ಆದರೆ ನೀವು ಸೋತಿರಲ್ಲ ಸಾರ್?" ಎಂದೆ.

"ಸೋತವನಿಗೂ ಚಾಯ ಉಂಟಲ್ಲ ಕಾಸರಗೋಡೇ. ಅದಕ್ಕೇ ಗಣರಾಜ್ಯ ಬೇಕಾದದ್ದು" ಎಂದು ಇನ್ನೊಂದು ವಡೆಗೆ ಕೈ ಹಾಕಿದರು.

ಆ ಪ್ರಶ್ನೆ ಪರೀಕ್ಷೆಯಲ್ಲಿ ಮತ್ತೆ ಬಂತು. ಕೈ ನೋಯುವಷ್ಟು ಬರೆದೆ. ಪಾಸಾದೆ. ಆ ದಿನ ಅಮ್ಮ ಬೀಡಿ ಕಟ್ಟಲಿಲ್ಲ. ಮನೆಮನೆಗೆ ಹೋಗಿ ಹೇಳಿ ಬಂದಳು...

ಈಗ ಕೊಚ್ಚಿಯ ಕಾಲೇಜೊಂದರಲ್ಲಿ ನಾನೇ ಇತಿಹಾಸ ಕಲಿಸುತ್ತೇನೆ. ಮೊನ್ನೆ ಕೆಲಸ ಕಾಯಂ ಆಯಿತು. ಸಾರ್‌ಗೆ ಹೇಳಲೆಂದೇ ಇವತ್ತು ಬಂದದ್ದು. ಓಣಿಯಲ್ಲಿ ಪ್ಯಾರಲಲ್ ಕಾಲೇಜು ಇದ್ದ ಕಡೆ ಲಾಡ್ಜ್ ಎದ್ದಿದೆ. ಸಾರ್ ಹೋದ ಮಳೆಗಾಲದಲ್ಲೇ ತೀರಿಕೊಂಡರು ಎಂದು ಅಲ್ಲಿಯವರು ಹೇಳಿದರು. ನಾನು ಬರುವುದು ತಡವಾಯಿತು...

ನಾಳೆಯ ಪಾಠ 1902. ಯಾರಾದರೊಬ್ಬರು ಸೀಟು ಹಂಚಿಕೆ ಅಂದೇ ಅನ್ನುತ್ತಾರೆ. ಕ್ಯಾಂಟೀನಿನಲ್ಲಿ ಚಾಯ ಹೇಳಿಟ್ಟಿದ್ದೇನೆ. ತಿಂಡಿ ಯಾವುದೆಂದು ಮಕ್ಕಳೇ ತೀರ್ಮಾನಿಸಲಿ.

ಬಸ್ಸು ಬಂತು. ನನಗೆ ಈಗಲೂ ಉದ್ದಿನವಡೆಯೇ ಇಷ್ಟ. ಆದರೂ ಅಂಗಡಿಯವನ ಕಡೆ ತಿರುಗಿ ಹೇಳಿದೆ: "ಚೇಟ್ಟಾ, ಒಂದು ಪಳಂಪೊರಿ."