ಜ್ವೊಲೆಯ ಈಜುಕೊಳದಲ್ಲಿ ಅರಸೀಕೆರೆಯ ದೋಟಿ

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಬಟ್ಟೆ, ಬೂಟು ಸಮೇತ ನೀರಿಗೆ ಹಾರಿದೆ. ಹಾರುವ ಅಗತ್ಯ ಯಾರಿಗೂ ಇರಲಿಲ್ಲ.

ನೆದರ್ಲೆಂಡ್ಸ್‌ನ ಜ್ವೊಲೆ ಎಂಬ ಊರಿನ ಈಜುಕೊಳ. ಆರೇಳು ವರ್ಷದ ಮಕ್ಕಳು ಪ್ಯಾಂಟು, ತುಂಬುತೋಳಿನ ಅಂಗಿ, ಬೂಟು ಹಾಕಿಕೊಂಡೇ ಸಾಲಾಗಿ ನೀರಿಗೆ ಧುಮುಕುತ್ತಿದ್ದವು. ಇದೇನು ಹುಚ್ಚಪ್ಪಾ ಎಂದು ನೋಡುತ್ತಿದ್ದಂತೆ ಒಬ್ಬ ಹುಡುಗ ನಡುನೀರಿನಲ್ಲಿ ನಿಧಾನವಾದ. ತಲೆ ಒಮ್ಮೆ ಒಳಗೆ ಹೋಗಿ ಬಂತು. ನನಗೆ ಕೆಲಸ ಹೇಳಿಕೊಡಬೇಕಿದ್ದ ಹಿರಿಯ ಶಿಕ್ಷಕಿ ಮಾರೈಕೆ ಗೋಡೆಗೆ ಒರಗಿಸಿದ್ದ ಉದ್ದನೆಯ ಕೋಲು ತೆಗೆದಳು. ಎರಡಾಳುದ್ದದ ಕೋಲು, ತುದಿಯಲ್ಲಿ ಕೊಕ್ಕೆ. ನಮ್ಮ ತೋಟಗಳಲ್ಲಿ ಕಾಯಿ ಕೀಳುವ ದೋಟಿಯೇ.

ದೋಟಿ ಮೇಲೆದ್ದದ್ದಷ್ಟೇ ಗೊತ್ತು. ಮುಂದಿನ ಕ್ಷಣ ನಾನು ನೀರಿನಲ್ಲಿದ್ದೆ, ಆ ಹುಡುಗನ ತಲೆಯನ್ನು ಎದೆಗೆ ಅವುಚಿಕೊಂಡು, ಏಟಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ. ಏಟು ಬೀಳಲಿಲ್ಲ. ಕೋಲು ನನ್ನ ಕಿವಿಯ ಪಕ್ಕಕ್ಕೆ ಬಂದು ನಿಂತಿತು. ಹುಡುಗ ನನ್ನ ಭುಜದ ಮೇಲಿಂದ ಕೈ ಚಾಚಿ ಅದನ್ನು ಹಿಡಿದುಕೊಂಡ. ಮಾರೈಕೆ ಅವನನ್ನು ದಡಕ್ಕೆ ಎಳೆದುಕೊಂಡಳು.

“ಏನು ಮಾಡಿದೆ ನೀನು?”

“ಹೊಡೆಯುತ್ತೀಯ ಅಂದುಕೊಂಡೆ.”

“ಯಾಕೆ ಹೊಡೆಯಲಿ?”

“ನಿಧಾನವಾದನಲ್ಲ.”

ಅವಳು ನನ್ನನ್ನು ನೋಡಿದ ರೀತಿ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಅದು ಕನಿಕರ. ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆ. ಕನಿಕರಕ್ಕೆ ಏನು ಉತ್ತರ ಕೊಡುವುದು?

ಈ ದೇಶದಲ್ಲಿ ಎತ್ತ ತಿರುಗಿದರೂ ಕಾಲುವೆ. ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಗು ಒಂದಲ್ಲ ಒಂದು ದಿನ ನೀರಿಗೆ ಬಿದ್ದೇ ಬೀಳುತ್ತದೆ, ಬೀಳುವಾಗ ಬಟ್ಟೆ ಬಿಚ್ಚಿಟ್ಟು ಬೀಳುವುದಿಲ್ಲ. ಅದಕ್ಕೇ ಬಟ್ಟೆ ಹಾಕಿಸಿ ಕಲಿಸುತ್ತಾರೆ. ಕಲಿಸುವವಳಿಗೆ ‘ಬಾದ್‌ಯುಫ್’ ಎನ್ನುತ್ತಾರೆ, ‘ಸ್ನಾನದ ಮಿಸ್ಸು’ ಅಂದ ಹಾಗೆ. ನಾನೀಗ ಸ್ನಾನದ ಮಿಸ್ಸು. ನಮ್ಮ ಕಡೆ ಲೆಕ್ಕ ಉಲ್ಟಾ. ಮಾದಿಹಳ್ಳಿಯ ನಮ್ಮ ಮನೆಯಲ್ಲಿ ಮಗುವಿಗೆ ಕಲಿಸುತ್ತಿದ್ದ ಈಜು ಒಂದೇ: “ನೀರಿನ ತಾವ್ಕೆ ಹೋದ್ರೆ ಕಾಲು ಮುರೀತೀನಿ.” ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲಿಳಿದು ಪಾದ ಅದ್ದಿದ್ದಕ್ಕೇ ಅಪ್ಪ ನನ್ನ ಬೆನ್ನಿನ ಮೇಲೆ ಐದು ಬೆರಳೂ ಮೂಡಿಸಿದ್ದರು.

ಅಂಥ ನನ್ನನ್ನು ನೀರಿಗೆ ತಳ್ಳಿದವರು ಅರಸೀಕೆರೆಯ ನಮ್ಮ ಹಾಸ್ಟೆಲ್ ಶಾಲೆಯ ಪೀಟಿ ಮೇಷ್ಟ್ರು ರಂಗಪ್ಪನವರು. ತಳ್ಳಿದವರು ಎಂಬುದು ಅಲಂಕಾರದ ಮಾತಲ್ಲ, ಬೆನ್ನಿಗೆ ಕೈಯಿಟ್ಟು ತಳ್ಳಿದರು. ಶಾಲೆಗೆ ಈಜುಕೊಳ ಇರಲಿಲ್ಲ. ಊರಾಚೆಯ ತೆಂಗಿನ ತೋಟದಲ್ಲಿ ಒಂದು ಕೃಷಿಹೊಂಡ, ಇಳಿಜಾರು ದಡ, ಅದಕ್ಕೆ ಹಾಸಿದ ಕಪ್ಪು ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಪಾಚಿ. ಅಂಥ ಹೊಂಡಕ್ಕೆ ಬಿದ್ದವರಿಗೆ ತಾವಾಗಿ ಮೇಲೆ ಬರಲಾಗುವುದಿಲ್ಲ. ಏರಿದಷ್ಟೂ ಜಾರುತ್ತದೆ. ಹತ್ತಲು ಒಂದು ಹಗ್ಗ ಇಳಿಬಿಟ್ಟಿದ್ದರು. ನಾವು ನೀರಿಗಿಳಿದ ಮೇಲೆ ಮೇಷ್ಟ್ರು ಮೊದಲು ಮಾಡುತ್ತಿದ್ದ ಕೆಲಸ ಆ ಹಗ್ಗವನ್ನು ಮೇಲಕ್ಕೆಳೆದುಕೊಳ್ಳುವುದು. ಎರಡನೆಯದು, ಕೊಯ್ಯುವ ಅಲಗು ಬಿಚ್ಚಿದ ದೋಟಿಯನ್ನು ಕೈಗೆತ್ತಿಕೊಳ್ಳುವುದು. ಏರಿಯ ಮೇಲೆ ನಿಂತೇ ನಡುನೀರಿನವರೆಗೆ ಹೊಡೆಯಬಹುದಾದ ಸಲಕರಣೆ ಅದೊಂದೇ.

“ಸಾರ್, ಕೈ ಸೋಲ್ತೈತೆ ಸಾರ್!”

“ಮಾತಾಡ್ಬೇಡ, ಈಜು!”

ಒದ್ದೆ ಮೈಗೆ ಬೀಳುವ ಏಟಿಗೆ ಸದ್ದೇ ಬೇರೆ. ಚರ್ಮ ಕೂಗಿದ ಹಾಗೆ. ನಾವು ಮೂವರಿದ್ದೆವು. ನಾನು, ಬೇಲೂರಿನ ಸವಿತಾ, ಹಳೇಬೀಡಿನ ಜೈನರ ಮನೆಯ ಸುನಂದಾ. ಮೂವರಲ್ಲಿ ಸುನಂದಾಳೇ ಚುರುಕು. ಅವಳ ಹಿಂದೆ ಈಜಿದರೆ ಕಣ್ಣಿಗೆ ಬರೀ ನೊರೆ.

ಮೊದಲ ಸಲ ಬೆಂಗಳೂರಿಗೆ ಸ್ಪರ್ಧೆಗೆ ಹೋದಾಗ ಮೂವರೂ ಮುಂದಿದ್ದೆವು, ಮೂವರೂ ಅನರ್ಹರಾದೆವು. ಹೊಂಡದ ದಡಕ್ಕೆ ಒದ್ದರೆ ಕಾಲು ಜಾರುತ್ತಿತ್ತಲ್ಲ, ಹಾಗಾಗಿ ನಾವು ದಡ ಮುಟ್ಟುವ ಮೊದಲೇ ನೀರಿನಲ್ಲೇ ಮಗುಚಿ ವಾಪಸಾಗುವುದನ್ನು ಕಲಿತಿದ್ದೆವು. ಅಲ್ಲಿ ಗೋಡೆ ಇತ್ತು. ಗೋಡೆ ಮುಟ್ಟಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಬೇರೆ ಊರಿನ ಮಕ್ಕಳು ಬಿದ್ದು ಬಿದ್ದು ನಕ್ಕರು. ಈಜುಕೊಳದ ಹಿಂದಿನ ಓಣಿಯಲ್ಲಿ ಮೇಷ್ಟ್ರು ನಮ್ಮ ಮೂವರಿಗೂ ಬೆಲ್ಟು ಬಿಚ್ಚಿ ಹೊಡೆದರು. ಬಕಲಿನ ತುದಿ ಸವಿತಾಳ ಹುಬ್ಬು ಸೀಳಿತು. ತಪ್ಪು ಯಾರದ್ದು? ಗೋಡೆಯೇ ಇಲ್ಲದ ಕಡೆ ಕಲಿಸಿದವರದ್ದು. ಏಟು ಯಾರಿಗೆ? ನಮಗೆ.

ಇಷ್ಟೇ ಆಗಿದ್ದರೆ ವಾದ ಸುಲಭ. ಆದರೆ ಶಾಲೆಯಲ್ಲಿ ನನಗೆ ಚರ್ಚೆ ಕಲಿಸಿದ ಕನ್ನಡ ಮೇಡಂ, ಎದುರಾಳಿಯ ಅತಿ ಬಲವಾದ ಮಾತನ್ನು ಮೊದಲು ನೀನೇ ಹೇಳು ಎನ್ನುತ್ತಿದ್ದರು. ಹೇಳುತ್ತೇನೆ. ಬೆಂಗಳೂರಿನಿಂದ ಬಂದ ಮರುದಿನ ಮೇಷ್ಟ್ರು ಒಂದು ಹಲಗೆ ತಂದು, ಜಾರದಂತೆ ಆ ಹಗ್ಗವನ್ನೇ ಸೊಂಟಕ್ಕೆ ಬಿಗಿದುಕೊಂಡು, ಎದೆಮಟ್ಟದ ನೀರಿನಲ್ಲಿ ನಿಂತು, ಅದನ್ನು ಎದೆಗೆ ಒತ್ತಿ ಹಿಡಿದುಕೊಂಡರು. “ಇದೇ ಗೋಡೆ. ಮುಟ್ಟಿ, ಒದ್ದು, ತಿರುಗಿ.” ಆ ಮಳೆಗಾಲವಿಡೀ ನಾವು ಅವರ ಎದೆಗೆ ಒದ್ದೆವು. ನನ್ನ ಮಟ್ಟಿಗೆ ಹೇಳುವುದಾದರೆ ಬೇಕೆಂದೇ ಜೋರಾಗಿ ಒದ್ದೆ. ಒದ್ದೆ ಬನಿಯನ್ನಿನೊಳಗೆ ಎದೆ ಬಾಳೆಹೂವಿನ ಬಣ್ಣಕ್ಕೆ ತಿರುಗಿರುವುದು ಕಾಣುತ್ತಿತ್ತು. ಒಂದು ದಿನವೂ ಅವರು ಹಲಗೆ ಸಡಿಲಿಸಲಿಲ್ಲ. ಇನ್ನೊಂದು: ಏರಿಯ ಮೇಲೆ ನಿಂತು ನಮ್ಮ ತೊಡೆಗಳ ಫೋಟೊ ತೆಗೆಯುತ್ತಿದ್ದ ಒಬ್ಬ ದೊಡ್ಡ ಮನುಷ್ಯನ ಮಗನನ್ನು ಅದೇ ದೋಟಿಯಲ್ಲಿ ತೋಟದ ಬೇಲಿವರೆಗೆ ಬಡಿದುಕೊಂಡು ಹೋಗಿದ್ದರು. ಈಜುಡುಪು ಹಾಕಿಸಬೇಡಿ ಎಂದು ಹೇಳಲು ಬಂದ ನಮ್ಮಪ್ಪ ಅದನ್ನು ನೋಡಿ, ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದರು.

ಮುಂದೆ ನಾನು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದೆ. ಗೋಡೆಯ ಹಂಗಿಲ್ಲದೆ ತಿರುಗಿ ತಿರುಗಿ ಬಲಿತ ಕಾಲು ನನ್ನವು. ಆ ಪದಕದ ಬಲದಿಂದಲೇ ಇಲ್ಲಿ ಕ್ರೀಡಾಶಿಕ್ಷಣ ಓದಲು ಸೀಟು ಸಿಕ್ಕಿತು, ಆಮೇಲೆ ಈ ಕೆಲಸ.

ಇಲ್ಲಿ ನಾನಿರುವ ಮನೆಯ ಮೆಟ್ಟಿಲು ಏಣಿಯಷ್ಟು ಕಡಿದು. ಮಂಚವನ್ನು ಕಿಟಕಿಯಿಂದ ಒಳಗೆಳೆದುಕೊಂಡೆ. ಮಧ್ಯಾಹ್ನದ ಊಟವೆಂದರೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ‘ಹಾಖೆಲ್‌ಸ್ಲಾಖ್’ ಎಂಬ ಚಾಕೊಲೇಟ್ ಚೂರು. ದೊಡ್ಡವರೂ ನಾಚಿಕೆಯಿಲ್ಲದೆ ತಿನ್ನುತ್ತಾರೆ. ನಾನೂ ತಿನ್ನುತ್ತೇನೆ. ರಾಗಿ ಹಿಟ್ಟು ಸಿಕ್ಕ ದಿನ ಒಬ್ಬಳೇ ಮುದ್ದೆ ಕಟ್ಟಿ, ಗಂಟಾಗಿದ್ದರೂ ಗೆದ್ದವಳಂತೆ ಉಂಡೆ. ಆದರೆ ಒಂಟಿತನ ಊಟದಲ್ಲಿಲ್ಲ. ಇಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ. ತಡವಾಗಿ ಹೋದರೆ ಕಾರಣ ಕೇಳುತ್ತಾರೆ. ತಪ್ಪು ಮಾಡಿದರೆ, ಮುಂದಿನ ಸಲ ಹೇಗೆ ಮಾಡೋಣ ಎನ್ನುತ್ತಾರೆ. ನನ್ನ ತಪ್ಪು ಯಾರಿಗೂ ನೋವು ಕೊಡುತ್ತಿಲ್ಲವೆಂದರೆ ನಾನು ಯಾರಿಗೂ ಏನೂ ಅಲ್ಲ ಎಂದೇ ಅನ್ನಿಸುತ್ತದೆ. ಇದು ಸರಿಯಾದ ಯೋಚನೆಯಲ್ಲ, ಗೊತ್ತು. ಆದರೆ ಇದನ್ನು ನನ್ನೊಳಗೆ ಇಟ್ಟವರು ಯಾರು ಎಂಬುದೂ ಗೊತ್ತು.

ಹೀಗಿರುವಾಗ ಸವಿತಾ ಫೋನು ಮಾಡಿದಳು. ಅವಳೀಗ ಬೇಲೂರಿನ ಶಾಲೆಯೊಂದರಲ್ಲಿ ಪೀಟಿ ಟೀಚರು.

“ಯಶೂ, ಮೇಷ್ಟ್ರು ಸಿಕ್ಕಾಕ್ಕೊಂಡವ್ರೆ ಕಣೇ.”

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೊಂಡದಲ್ಲಿ ಕಾಲು ಹಿಡಿದುಕೊಂಡಿದೆ ಅಂದಳಂತೆ. ನಾಟಕ ಅಂದರಂತೆ ಮೇಷ್ಟ್ರು. ಹಗ್ಗ ಮೇಲಿತ್ತು. ದೋಟಿ ಬೀಸಿದಾಗ ಅವಳ ಭುಜದ ಮೂಳೆ ಮುರಿಯಿತು. ಒಂದು ಕೈ ಸತ್ತವಳು ಮುಳುಗತೊಡಗಿದಾಗ ಉಳಿದ ಹುಡುಗಿಯರು ವೇಲುಗಳನ್ನು ಗಂಟು ಹಾಕಿ ಎಸೆದು ಎಳೆದರಂತೆ. ಬದುಕಿದ್ದಾಳೆ. ಅಪ್ಪ ಅಮ್ಮ ದೂರು ಕೊಟ್ಟಿದ್ದಾರೆ, ವಿಚಾರಣೆ ನಡೆಯುತ್ತಿದೆ.

“ನೀನೊಂದು ವಿಡಿಯೋ ಕಳ್ಸು. ಅವರ ಶಿಸ್ತಿನಿಂದ್ಲೇ ನಾನು ಇಲ್ಲಿವರ್ಗೂ ಬಂದೆ ಅಂತ. ಒಂದ್ ನಿಮಿಷ ಸಾಕು. ನೀನು ಫಾರಿನ್‌ನಲ್ಲಿದೀಯ, ನಿನ್ ಮಾತಿಗೆ ಬೆಲೆ ಐತೆ. ಇಲ್ದಿದ್ರೆ ಕೆಲ್ಸ ಹೋಗ್ತದೆ ಕಣೇ ಅವ್ರದ್ದು.”

“ನಿನ್ನ ಹುಬ್ಬಿನ ಗಾಯ ಹೋಯ್ತೇನೇ?”

“ಹೋಗಿಲ್ಲ. ಕನ್ನಡಿ ನೋಡಿದಾಗೆಲ್ಲ ಮೇಷ್ಟ್ರು ನೆನಪಾಗ್ತಾರೆ. ಅದಕ್ಕೇ ನಾನು ಗೋಡೆ ಮುಟ್ಟೋದು ಮರೀಲಿಲ್ಲ. ಲಾಯರ್ ಥರ ಆಡ್ಬೇಡ, ಕಳ್ಸು.”

ಯೋಚಿಸಿದೆ. ಸವಿತಾ ಗೆದ್ದವಳು, ನಾನೂ ಗೆದ್ದವಳು. ಏಟು ತಿಂದವರು ಗೆದ್ದರು ಎಂದು ಸಾಬೀತು ಮಾಡಲು ಗೆದ್ದವರನ್ನಷ್ಟೇ ಕರೆದರೆ ಎಂಥ ವಾದವೂ ಗೆಲ್ಲುತ್ತದೆ. ಮೂರನೆಯವಳೆಲ್ಲಿ? ಎಷ್ಟೋ ವರ್ಷಗಳ ಮೇಲೆ ಸುನಂದಾಳಿಗೆ ಫೋನು ಮಾಡಿದೆ. ಹಳೇಬೀಡಿನಲ್ಲಿ ಅಪ್ಪನ ಅಂಗಡಿಯನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ಹಿನ್ನೆಲೆಯಲ್ಲಿ ಯಾರೋ ಬಸದಿಗೆ ದಾರಿ ಕೇಳುತ್ತಿದ್ದರು.

“ನೀನು ಯಾಕೇ ಈಜು ಬಿಟ್ಟೆ? ಮನೇಲಿ ಬೇಡ ಅಂದ್ರು ಅಂತಲ್ವಾ ನಮಗೆ ಹೇಳಿದ್ದು?”

“ಮನೇಲಿ ಏನೂ ಅಂದಿರ್ಲಿಲ್ಲ. ಒಂದಿನ ನೀವಿಬ್ರೂ ಹತ್ತಿದ್ರಿ. ನಾನು ಹತ್ತೋಕೆ ಬಂದ್ರೆ ಹಗ್ಗ ಎಳ್ಕೊಂಡ್ರು. ಇನ್ನೂ ಈಜು ಅಂದ್ರು. ಎಷ್ಟೊತ್ತೋ. ಹಾಳೆ ಕೆರೆದೂ ಕೆರೆದೂ ಉಗುರು ಕಿತ್ತೋಯ್ತು ಕಣೇ. ಹತ್ತಿದ ಮೇಲೆ ಬೆನ್ನು ತಟ್ಟಿ, ನಿನ್ನಲ್ಲಿ ಬೆಂಕಿ ಐತೆ ಅಂದ್ರು.” ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟಳು. “ಆಮೇಲೆ ನಾನು ನೀರಿಗಿಳಿದಿಲ್ಲ. ಇಲ್ಲೇ ಕೆರೆ ಐತೆ, ಏರಿ ಮೇಲೂ ಹೋಗಲ್ಲ.”

“ವಿಚಾರಣೇಲಿ ಇದನ್ನ ಹೇಳ್ತೀಯಾ?”

“ನನ್ನ ಯಾರು ಕೇಳ್ತಾರೆ? ನಾನೇನು ಗೆದ್ನಾ?”

ವಿಡಿಯೋ ಮಾಡಿದೆ, ಕೊಳದ ಪಕ್ಕದಲ್ಲೇ ನಿಂತು. ಮೇಷ್ಟ್ರು ಎದೆಗೆ ಹಲಗೆ ಹಿಡಿದದ್ದು ಹೇಳಿದೆ. ಹಗ್ಗ ಹೇಳಿದೆ, ದೋಟಿ ಹೇಳಿದೆ, ಬೆಲ್ಟು ಹೇಳಿದೆ. ನಮ್ಮಲ್ಲಿ ಎಲ್ಲರಿಗಿಂತ ವೇಗದವಳು ಯಾರು, ಅವಳನ್ನು ಯಾಕೆ ಯಾರೂ ಕೇಳಲಿಲ್ಲ, ಅದನ್ನೂ ಹೇಳಿದೆ. ಸವಿತಾಳಿಗಲ್ಲ, ವಿಚಾರಣೆ ಮಾಡುವವರಿಗೇ ಕಳಿಸಿದೆ. ಸವಿತಾ ಮಾತು ಬಿಟ್ಟಿದ್ದಾಳೆ. ಹೊಂಡದಲ್ಲಿ ಈಜು ಕಲಿತ ಹಳಬರ ವಾಟ್ಸ್ಯಾಪ್ ಗುಂಪಿನಲ್ಲಿ ನಾನೀಗ ‘ಫಾರಿನ್ ಮಾರಿ’.

ಮೇಷ್ಟ್ರನ್ನು ಕೆಲಸದಿಂದ ನಿಲ್ಲಿಸಿದ ಮೇಲೆ ಅವರೇ ಫೋನು ಮಾಡಿದರು. ಬೈಯುತ್ತಾರೆಂದು ಕಾದೆ. ಮೈ ಅದಕ್ಕೆ ಸಿದ್ಧವಾಗಿಯೂ ಇತ್ತು.

“ಅಮ್ಮಣ್ಣಿ, ಎಲ್ಲಾ ಹೇಳ್ದೆ ಅಲ್ವಾ.”

“ಹೂಂ ಸಾರ್.”

“ಸುಳ್ಳೇನೂ ಹೇಳಿಲ್ಲ ಬಿಡು. ಒಂದು ಕೇಳ್ತೀನಿ. ನಾನು ಹೊಡೀದೆ ಇದ್ದಿದ್ರೆ ನೀನು ಆ ದೇಶಕ್ಕೆ ಹೋಗ್ತಿದ್ಯಾ?”

ಚರ್ಚಾಸ್ಪರ್ಧೆಯಾಗಿದ್ದರೆ ಗಂಟೆ ಬಾರಿಸುವುದರೊಳಗೆ ನಾಲ್ಕು ಉತ್ತರ ಕೊಡುತ್ತಿದ್ದೆ. “ಗೊತ್ತಿಲ್ಲ ಸಾರ್” ಅಂದೆ. “ಆದ್ರೆ ಸುನಂದಾ ಎಲ್ಲಿಗೆ ಹೋಗ್ತಿದ್ಲು, ಅದೂ ಗೊತ್ತಿಲ್ಲ.”

ಅವರು ಕೆಮ್ಮಿದರು. ಹಲಗೆ ಹಿಡಿದ ಮಳೆಗಾಲದ ನಂತರ ಅಂಟಿಕೊಂಡ ಕೆಮ್ಮು ಅದು. “ಆ ಮಗೀಗೆ ನಿಜವಾಗ್ಲೂ ಕಾಲು ಹಿಡ್ಕೊಂಡಿತ್ತಂತೆ,” ಎಂದು ಫೋನಿಟ್ಟರು.

ಬೇಸಿಗೆಯಲ್ಲಿ ಊರಿಗೆ ಬಾ ಎಂದು ಅಮ್ಮ ಕರೆಯುತ್ತಾಳೆ. ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿಯಲೇಬೇಕು. ಅಲ್ಲಿ ಮೊದಲು ಎದುರಾಗುವವರು ಸವಿತಾಳ ಕಡೆಯವರೋ, ಭುಜ ಮುರಿದ ಹುಡುಗಿಯ ಕಡೆಯವರೋ? ಇಲ್ಲಿಯೂ ನಾನು ಪೂರ್ತಿ ಇಲ್ಲಿನವಳಲ್ಲ. ಮಾರೈಕೆ ಈಗಲೂ ನನ್ನೆದುರು ಕೋಲೆತ್ತುವ ಮೊದಲು “ಎತ್ತುತ್ತಿದ್ದೇನೆ” ಎಂದು ಹೇಳಿ ಎತ್ತುತ್ತಾಳೆ.

ಕಳೆದ ವಾರ ನನ್ನ ತರಗತಿ. ಮೊದಲ ದಿನ ನಾನು ಎದೆಗವುಚಿಕೊಂಡಿದ್ದನಲ್ಲ, ಅದೇ ಹುಡುಗ ಬಟ್ಟೆಯ ಭಾರಕ್ಕೆ ಮತ್ತೆ ನಿಧಾನವಾದ. ಕೋಲು ತೆಗೆದು ಚಾಚಿದೆ. ಅವನು ಕೊಕ್ಕೆ ಹಿಡಿದು, ತಲೆಯೆತ್ತಿ, ಈ ದೇಶದ ಮಕ್ಕಳ ಅಂಜಿಕೆಯಿಲ್ಲದ ಗಂಟಲಲ್ಲಿ ಕೇಳಿದ:

“ಮಿಸ್, ಕೋಲು ಕೊಡೋದು ನೀವು. ಮತ್ತೆ ನೀವೇ ಯಾಕೆ ಕಣ್ಣು ಮುಚ್ಚಿಕೊಳ್ತೀರಿ?”

ಇಷ್ಟು ದಿನ ಕಲಿತ ಅವರ ಭಾಷೆಯಲ್ಲಿ ಒಂದು ಪದವೂ ನನ್ನ ನಾಲಗೆಗೆ ಬರಲಿಲ್ಲ. ಬಂದದ್ದು ಕನ್ನಡ, ಅದೂ ನನ್ನ ಕನ್ನಡವಲ್ಲ, ಮೇಷ್ಟ್ರದ್ದು.

“ಮಾತಾಡ್ಬೇಡ, ಈಜು.”

ಅವನಿಗೆ ಅರ್ಥವಾಗಲಿಲ್ಲ. ನಕ್ಕು, ಕೋಲು ಬಿಟ್ಟು, ಈಜಿಕೊಂಡು ಹೋದ.