ಸಪ್ಪಳ ಮಾಡದ ಕಂಪ್ಯೂಟರ್

ಖಾನಾಪುರದ ಬಜಾರದಲ್ಲಿ ಉತ್ತಮನ ಭಾಂಡೆ ಅಂಗಡಿ. ಅದರ ಹಿಂದೆಯೇ ಮನೆ. ಹಗಲಿಡೀ ತಾಟು, ತಂಬಿಗೆ, ಕೊಡಗಳ ಸದ್ದಿನಲ್ಲೇ ಸಂಸಾರ ಮಾಡಿದ ಅವನ ಹೆಂಡತಿ ತ್ರಿಶಲಾಗೆ ವಯಸ್ಸು ಐವತ್ತರ ಹತ್ತಿರ ಬಂದಾಗ ಸದ್ದೇ ಮಾಡದ ಕಂಪ್ಯೂಟರ್ ಒಂದು ಬೇಕಾಯಿತು. ಅದಕ್ಕೆ ಕಾರಣ ಪಕ್ಕದ ಮನೆಯ ಕಾಶವ್ವನ ಮೊಮ್ಮಗಳು ಸಮೃದ್ಧಿ.

ಸಮೃದ್ಧಿಯ ಮನೆ ಬೆಳಗಾವಿಯ ಮಹಾಂತೇಶ ನಗರದಲ್ಲಿ. ಅಲ್ಲಿಯೇ ಕಾಲೇಜಿಗೆ ಹೋಗಿ ಬಿ.ಎ. ಓದುತ್ತಾಳೆ. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣುವುದಿಲ್ಲ. ಪುಸ್ತಕಗಳನ್ನು ಫೋನು ಓದಿ ಹೇಳುತ್ತದೆ, ನಿಜ. ಆದರೆ ಮಸುಕಾಗಿ ಜೆರಾಕ್ಸ್ ಆದ ಕನ್ನಡ ನೋಟ್ಸ್ ಹಿಡಿದರೆ ಅದು ಅರ್ಧ ಅಕ್ಷರ ನುಂಗಿ, ಉಳಿದದ್ದನ್ನು ಅಡ್ಡಾದಿಡ್ಡಿ ಓದುತ್ತದೆ. ಒಮ್ಮೆ ರಜೆಗೆ ಅಜ್ಜಿಯ ಮನೆಗೆ ಬಂದಾಗ ಹುಡುಗಿ ಹಾಳೆಗಳನ್ನು ಹಿಡಿದು ತ್ರಿಶಲಾಳ ಬಾಗಿಲಿಗೇ ಬಂದಳು.

"ಕಾಕು, ಇದೊಂದು ಪಾಠ ಓದ್ರಿ. ನಿಮ್ಮ ದನಿ ಭಾಳ ಸ್ಪಷ್ಟ ಐತಿ ಅಂತ ಅಜ್ಜಿ ಅಂತಾಳ."

ಬಸದಿಯಲ್ಲಿ ಸ್ವಾಧ್ಯಾಯಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ ಗ್ರಂಥ ಓದುವ ಸರದಿ ತ್ರಿಶಲಾಳದೇ. ಒಂದು ಪಾಠ ಓದಿ ಮುಗಿಸಿದಳು. ಹುಡುಗಿ ಇನ್ನೊಂದು ಕೊಟ್ಟಳು. ರಜೆ ಮುಗಿದ ಮೇಲೂ ನೋಟ್ಸ್ ಬರುತ್ತಲೇ ಇದ್ದವು. ತ್ರಿಶಲಾ ಒಂದು ಮೈಕ್ ತರಿಸಿ, ಅಂಗಡಿಯ ಬಿಲ್ಲಿಗೆಂದು ಕೊಂಡು ಮೂಲೆ ಸೇರಿದ್ದ ಕಂಪ್ಯೂಟರನ್ನು ಒರೆಸಿ, ಒಳಕೋಣೆಯಲ್ಲಿ ಇಟ್ಟುಕೊಂಡಳು. ರೆಕಾರ್ಡ್ ಮಾಡುವುದು, ಕೆಮ್ಮು ಬಂದ ಕಡೆ ಕತ್ತರಿಸುವುದು, ಎಲ್ಲವನ್ನೂ ಕಲಿತಳು. ಮೊದಲ ಕಡತಗಳನ್ನು ಕಳಿಸಿ ಹಿಗ್ಗಿನಿಂದ ಫೋನ್ ಮಾಡಿದಳು.

"ಪಾಠ ಚಲೋ ಓದೀರಿ ಕಾಕು," ಅಂದಳು ಸಮೃದ್ಧಿ. ಆಮೇಲೆ ಕೇಳಿದಳು: "ನಿಮ್ಮ ಬಾಜೂಕ ಹಿಟ್ಟಿನ ಗಿರಣಿ ಐತೇನ್ರಿ?"

ಗಿರಣಿ ಇರಲಿಲ್ಲ. ಅದು ಕಂಪ್ಯೂಟರಿನೊಳಗಿನ ಫ್ಯಾನು. ಭಾಂಡೆ ಅಂಗಡಿಯವರ ಕಿವಿಗೆ ಅದೊಂದು ಸದ್ದೇ ಆಗಿರಲಿಲ್ಲ. ಆದರೆ ಸಮೃದ್ಧಿ ಪಾಠಗಳನ್ನು ಎರಡು ಪಟ್ಟು ವೇಗದಲ್ಲಿ ಕೇಳುತ್ತಾಳೆ. ಆ ವೇಗದಲ್ಲಿ ಫ್ಯಾನಿನ ಗುಂಯ್ ಅನ್ನುವುದು ಕಿವಿ ಕೊರೆಯುತ್ತಿತ್ತು. ತ್ರಿಶಲಾ ಮೈಕ್ ದೂರ ಇಟ್ಟಳು, ದನಿಯೂ ದೂರವಾಯಿತು. ಕಂಪ್ಯೂಟರಿಗೆ ಕೌದಿ ಹೊದಿಸಿದಳು. ಅದು ಬಿಸಿಯಾಗಿ ಇನ್ನೂ ಜೋರಾಗಿ ಗುಂಯ್‌ಗುಟ್ಟಿ, ಕೊನೆಗೆ ತಾನೇ ಆರಿಹೋಯಿತು.

"ಡಬ್ಬಿ ಹಳೇದ ಇರಲಿ, ಒಳಗಿನ ಸಾಮಾನು ಬದಲಿ ಮಾಡಸು," ಅಂದ ಉತ್ತಮ.

ಹಳೆಯ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತ್ರಿಶಲಾ ಬೆಳಗಾವಿ ಬಸ್ ಹತ್ತಿದಳು. ಅಪ್ಪ ಸ್ಕೂಟರಿನಲ್ಲಿ ಟಿಳಕವಾಡಿಗೆ ತಂದು ಬಿಟ್ಟು ಹೋಗಿದ್ದ ಸಮೃದ್ಧಿ ಕಾಯುತ್ತಿದ್ದಳು. ಅಲ್ಲಿ ರೈಲ್ವೆ ಗೇಟಿನ ಹತ್ತಿರ ಚೇತನ ಎಂಬವನ ಕಂಪ್ಯೂಟರ್ ಅಂಗಡಿ. ಗೋಡೆಯ ತುಂಬ ಕೆಂಪು, ನೀಲಿ, ಹಸಿರು ಬೆಳಕು ಉಗುಳುವ ಗಾಜಿನ ಡಬ್ಬಿಗಳು.

"ಬರ್ರಿ, ಕುಂದರ್ರಿ. ಮನ್ಯಾಗ ಗೇಮ್ ಯಾರು ಆಡ್ತಾರ್ರಿ?" ಚೇತನ ಕೇಳಿದ.

"ಯಾರೂ ಇಲ್ಲಪಾ. ನಾ ಓದ್ತೀನಿ, ಈಕಿ ಕೇಳ್ತಾಳ. ನಡುವ ಕಂಪ್ಯೂಟರ್ ಮಾತಾಡಬಾರದು, ಅಷ್ಟ."

ಚೇತನ ನಕ್ಕ. ಸಂಗತಿ ಪೂರ್ತಿ ಕೇಳಿದ ಮೇಲೆ ಅವನಿಗೂ ಹುರುಪು ಬಂತು. "ಎಲ್ಲಾರೂ ಸ್ಪೀಡ್ ಕೇಳ್ತಾರ್ರಿ, ಲೈಟ್ ಕೇಳ್ತಾರ. ಸಪ್ಪಳ ಎಷ್ಟು ಅಂತ ಕೇಳಿದವ್ರು ನೀವ ಮೊದಲು. ತಗೀರಿ, ನೋಡೇಬಿಡೂಣು."

ಡಬ್ಬಿ ಬಿಚ್ಚಿ, ಸದ್ದು ಎಲ್ಲೆಲ್ಲಿಂದ ಬರುತ್ತದೆ ಎಂದು ತೋರಿಸಿದ. ಹಳೆಯ ಹಾರ್ಡ್‌ಡಿಸ್ಕಿನೊಳಗೆ ತಾಟಿನಂಥದ್ದು ಗಿರಗಿರ ತಿರುಗುತ್ತದೆ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ತಿರುಗುವುದೇನೂ ಇರುವುದಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಫ್ಯಾನು ಇರುತ್ತದೆ. ಚಿತ್ರ ತೋರಿಸುವ ಕೆಲಸವನ್ನೂ ತಾನೇ ಮಾಡುವ ಪ್ರೊಸೆಸರ್ ಕೊಂಡರೆ ಆ ಕಾರ್ಡೇ ಬೇಡ. ಕರೆಂಟು ಕೊಡುವ ಪವರ್ ಸಪ್ಲೈ ಸದ್ದಿಲ್ಲದೆ ನಿಧಾನ ತಿರುಗುವ ಫ್ಯಾನಿನದೇ ಸಿಗುತ್ತದೆ.

"ಇದು ನೋಡ್ರಿ, ಭಾಳ ಫಾಸ್ಟ್ ಐತಿ," ಎಂದು ಒಂದು ಪೆಟ್ಟಿಗೆ ಮುಂದಿಟ್ಟ.

"ಫಾಸ್ಟ್ ಆದ್ರ ಬಿಸಿನೂ ಜಾಸ್ತಿ ಆಗತೈತೇನು?"

"ಆಗತೈತ್ರಿ."

"ಬಿಸಿ ಆದ್ರ ಫ್ಯಾನ್ ಓಡತೈತಿ. ಬ್ಯಾಡಪಾ. ತಣ್ಣಗ ಕೆಲಸಾ ಮಾಡೂದು ಕೊಡು," ಅಂದಳು ತ್ರಿಶಲಾ. ಕೌದಿಯ ಪಾಠ ಅವಳಿಗೆ ಮರೆತಿರಲಿಲ್ಲ.

ಇನ್ನು ಉಳಿದದ್ದು ಪ್ರೊಸೆಸರಿನ ಮೇಲೆ ಕೂರುವ ಫ್ಯಾನು. ಎಷ್ಟು ತಣ್ಣಗಿನ ಪ್ರೊಸೆಸರ್ ಆದರೂ ಅದೊಂದು ಬೇಕೇ ಬೇಕು. ಚೇತನ ಬಾಗಿಲು ಹಾಕಿ, ಮೇಲಿನ ಫ್ಯಾನು, ಡಬ್ಬಿಗಳ ದೀಪ ಎಲ್ಲ ಬಂದ್ ಮಾಡಿ, ಮೂರು ನಮೂನೆಯವನ್ನು ಒಂದೊಂದಾಗಿ ತಿರುಗಿಸಿದ. ಸೆಕೆಗೆ ಮೂವರೂ ಬೆವೆತರು. ಬಾಗಿಲಿನಾಚೆ ಗಿರಾಕಿಗಳಿಬ್ಬರು ಗಾಜಿಗೆ ಮುಖ ಒತ್ತಿ, ಒಳಗೆ ಏನು ನಡೆದಿದೆ ಎಂದು ನೋಡುತ್ತ ನಿಂತರು. ಒಂದು ಫ್ಯಾನು ಟಿಕ್‌ಟಿಕ್ ಅಂದಿತು; ಅದನ್ನು ಬದಿಗಿಟ್ಟರು. ಉಳಿದ ಎರಡರಲ್ಲಿ ಸಣ್ಣದು ತ್ರಿಶಲಾಗೆ ಹಿಡಿಸಿತು, ದೊಡ್ಡದು ಸಮೃದ್ಧಿಗೆ.

"ದೊಡ್ಡದರ ಸಪ್ಪಳ ಜಾಸ್ತಿ ಐತಲ್ಲವಾ," ಅಂದಳು ತ್ರಿಶಲಾ.

"ಜಾಸ್ತಿ ಐತ್ರಿ, ಆದ್ರ ಗಾಳಿ ಬೀಸಿದಂಗ ಐತಿ. ಸಣ್ಣದು ಕುಂಯ್ ಅಂತೈತಿ."

"ನಿನ್ನ ಕಿವಿ ಭಾಳ ಚುರುಕು ಬಿಡವಾ," ಅಂದ ಚೇತನ.

"ಹಂಗೇನಿಲ್ಲ ಅಣ್ಣಾ. ನಮ್ಮವ್ವ ಕರದ್ರ ನನಗ ಒಮ್ಮೊಮ್ಮೆ ಕೇಳಸೂದಿಲ್ಲ," ಎಂದು ಹುಡುಗಿ ನಕ್ಕಳು.

ವಾದ ಬಗೆಹರಿಯಲಿಲ್ಲ. ತ್ರಿಶಲಾಗೇ ಒಂದು ಉಪಾಯ ಹೊಳೆಯಿತು: ಒಂದೊಂದು ಫ್ಯಾನಿನ ಮುಂದೆಯೂ ಕೂತು ನಾಲ್ಕು ಸಾಲು ಓದಿ ಫೋನಿನಲ್ಲಿ ರೆಕಾರ್ಡ್ ಮಾಡುವುದು, ಆಮೇಲೆ ಸಮೃದ್ಧಿಯ ವೇಗದಲ್ಲೇ ಹಾಕಿ ಕೇಳುವುದು. ಓದಲು ಪುಸ್ತಕವಿರಲಿಲ್ಲ, ಪೆಟ್ಟಿಗೆಯ ಮೇಲಿದ್ದ ಗ್ಯಾರಂಟಿಯ ಮಾತುಗಳನ್ನೇ ಬಸದಿಯ ದನಿಯಲ್ಲಿ ಓದಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗೇಟಿನಲ್ಲಿ ರೈಲು ಕೂಗುತ್ತ ಹೋಯಿತು. ಮೂವರೂ ನಕ್ಕು, ಮತ್ತೆ ಮೊದಲಿನಿಂದ ಶುರು ಮಾಡಿದರು. ಕೇಳಿ ನೋಡಿದಾಗ ಸಣ್ಣ ಫ್ಯಾನಿನ ಕುಂಯ್ ಮಾತಿನ ನಡುವೆ ಸೂಜಿಯಂತೆ ಚುಚ್ಚುತ್ತಿತ್ತು; ದೊಡ್ಡದರ ಗಾಳಿ ಮಾತಿನ ಅಡಿಗೆ ಸರಿದು ಹೋಗಿತ್ತು.

"ನೀ ಅಂದದ್ದ ಖರೇ," ಎಂದು ತ್ರಿಶಲಾ ದೊಡ್ಡದನ್ನೇ ಎತ್ತಿಕೊಂಡಳು. ಅದು ಹಳೆಯ ಡಬ್ಬಿಯಲ್ಲಿ ಹಿಡಿಯುತ್ತದೆಯೇ ಎಂದು ಚೇತನ ಅಳೆದು ನೋಡಿದ. ಡಬ್ಬಿಯ ಮುಚ್ಚಳ ಹಾಕಿದರೂ ಒಂದು ಬೆರಳಿನಷ್ಟು ಜಾಗ ಉಳಿಯುತ್ತಿತ್ತು.

ಜೋಡಿಸಿದ ಕಂಪ್ಯೂಟರ್ ಮರುದಿನ ಖಾನಾಪುರಕ್ಕೆ ಬಂತು. ಉತ್ತಮ ಅಂಗಡಿ ಬಿಟ್ಟು ಬಂದು, ವಾಯರುಗಳನ್ನು ಹಚ್ಚಿ, ಗುಂಡಿ ಒತ್ತಿದ. ಏನೂ ಆಗಲಿಲ್ಲ. ಡಬ್ಬಿಯ ಮುಂದಿನ ಸಣ್ಣ ದೀಪ ಕೆಟ್ಟು ಯಾವ ಕಾಲವೋ ಆಗಿತ್ತು. ಮತ್ತೆ ಒತ್ತಿದ. ಮತ್ತೂ ಎರಡು ಸಲ ಒತ್ತಿದ.

"ನಿನಗ ಮೋಸ ಆಗೇತಿ. ಇದರಾಗ ಜೀವಾನ ಇಲ್ಲ," ಅಂದ.

ತ್ರಿಶಲಾ ಗಾಬರಿಯಿಂದ ಚೇತನನಿಗೆ ಫೋನ್ ಮಾಡಿದಳು. ಅವನು ಕೇಳಿದ: "ಒಮ್ಮೆ ಒತ್ತಿ ಸುಮ್ನ ನಿಲ್ರಿ. ಹಿಂದಿನ ಜಾಳಗಿ ತೂತುಗಳ ಮುಂದ ಕೈ ಹಿಡೀರಿ. ಗಾಳಿ ಬರಾಕತ್ತೈತೇನು?"

ಅವಳು ಗುಂಡಿ ಒತ್ತಿ ಅಂಗೈ ಹಿಡಿದಳು. ತೆಳ್ಳಗೆ, ತಣ್ಣಗೆ ಗಾಳಿ ಬರುತ್ತಿತ್ತು.

"ಬರಾಕತ್ತೈತಿ!"

"ಹಂಗಾರ ಅದು ಚಾಲೂನ ಐತ್ರಿ. ಮಾನಿಟರ್ ಬಟನ್ ಒತ್ತೀರೇನ್ರಿ?"

ಬೆಳಗ್ಗೆ ಧೂಳು ಒರೆಸುವಾಗ ಮಾನಿಟರನ್ನು ಬಂದ್ ಮಾಡಿದವನು ಉತ್ತಮನೇ. ಪಾಪ, ಅವನು ಒಮ್ಮೆ ಒತ್ತಿದಾಗ ಚಾಲೂ ಆಗುತ್ತಿದ್ದ ಕಂಪ್ಯೂಟರನ್ನು ಮರುಸಲ ಒತ್ತಿ ತಾನೇ ಆರಿಸುತ್ತಿದ್ದ. ಪರದೆ ಬೆಳಗಿದಾಗ ತ್ರಿಶಲಾ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. "ನೀವು ಭಾಂಡೆ ಬಾರಿಸಿ ನೋಡಿ ಮಾರವ್ರು. ಸಪ್ಪಳ ಇಲ್ಲದ್ದು ನಿಮಗ ಹೆಂಗ ಗೊತ್ತಾಗಬೇಕ್ರಿ!"

ಅಂದೇ ಒಂದು ಪಾಠ ಓದಿ ಕಳಿಸಿದಳು. ಸಮೃದ್ಧಿಯ ಉತ್ತರ ಬಂತು: ಗಿರಣಿ ಬಂದ್ ಆಗೇತಿ ಕಾಕು, ಆದ್ರ ಈಗ ಕಾಕಾ ಚಹಾ ಕುಡಿಯೂದು ಕೇಳಾಕತ್ತೈತಿ. ಅಂದಿನಿಂದ ಉತ್ತಮನಿಗೆ ಚಹಾ ಹೋಗುವುದು ಅಂಗಡಿಗೇ.

ಈಗ ಸಮೃದ್ಧಿಯ ಜೊತೆ ಅವಳ ಗೆಳತಿಯರು ಮೂವರು ಕೇಳುತ್ತಾರೆ. ಇತಿಹಾಸ ಮುಗಿದು ಅರ್ಥಶಾಸ್ತ್ರ ಶುರುವಾಗಿದೆ. ಅದು ತ್ರಿಶಲಾಗೆ ಸುಲಭವಾಗಿ ತಿಳಿಯುವುದಿಲ್ಲ. ಒಮ್ಮೆ ಓದುತ್ತಿದ್ದವಳು ನಡುವೆ ನಿಂತು, "ಇದೇನು ಹೇಳಾಕತ್ತಾರೋ, ನನಗಂತೂ ತಿಳೀಲಿಲ್ಲವಾ. ತಡೀರಿ, ಇನ್ನೊಮ್ಮೆ ನಿಧಾನ ಓದ್ತೀನಿ," ಅಂದಿದ್ದಳು. ಕತ್ತರಿಸಲು ಮರೆತು ಹಾಗೆಯೇ ಕಳಿಸಿಬಿಟ್ಟಳು. ನಾಚಿಕೆಯಿಂದ ಫೋನ್ ಮಾಡಿ, ಬೇರೆಯದು ಕಳಿಸುತ್ತೇನೆ ಅಂದರೆ, ನಾಲ್ವರೂ ಬೇಡವೇ ಬೇಡ ಅಂದರು. ಆ ಪಾಠ ಅವರಿಗೆ ತಿಳಿದದ್ದೇ ಅವಳು ಎರಡನೆಯ ಸಲ ಓದಿದಾಗಂತೆ.